ಬಲಗಿವಿಯ ಗಿಟಾರ್

ನಮ್ಮ ಮನೆಯಲ್ಲಿ ಮಾತು ಮೊದಲು ತುಟಿಗೆ ಬರುತ್ತದೆ, ಆಮೇಲೆ ಕಿವಿಗೆ. ಇಳಕಲ್ಲಿನ ಮಗ್ಗದ ಮನೆಗಳಲ್ಲಿ ಇದು ವಿಶೇಷವೇನಲ್ಲ. ಪಡಸಾಲೆಯ ಹಿಂದೆಯೇ ತಗಡಿನ ಶೆಡ್ಡು, ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮು. ಅವು ನಡೆಯುತ್ತಿರುವಾಗ ಕೂಗಿದರೂ ಒಂದೇ, ಪಿಸುಗುಟ್ಟಿದರೂ ಒಂದೇ. ಹಾಗಾಗಿ ಯಾರೂ ಕೂಗುವುದಿಲ್ಲ. ಎದುರಿನವರು ತಮ್ಮ ಕಡೆ ನೋಡುವವರೆಗೆ ಕಾದು, ತುಟಿಯನ್ನು ತುಸು ದೊಡ್ಡದಾಗಿ ಆಡಿಸುತ್ತಾರೆ. ಬದಾಮಿಯಿಂದ ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಇದು ಮೂಕರ ಮನೆಯಂತೆ ಕಂಡಿತ್ತು. ನಮ್ಮದು ಮಾಸ್ತರರ ಮನೆ. ಅಲ್ಲಿ ಎಲ್ಲರೂ ಎಲ್ಲರಿಗೂ ಕೇಳುವಂತೆ ಮಾತಾಡುತ್ತಿದ್ದರು. ಈಗ ನಾನೂ ತುಟಿ ಓದುತ್ತೇನೆ. ಹುನಗುಂದದ ಹೈಸ್ಕೂಲಿನಲ್ಲಿ ಪಾಠ ಮಾಡುವಾಗ ಹಿಂದಿನ ಬೆಂಚಿನವರು ಏನು ಗುಸುಗುಸು ಮಾಡುತ್ತಾರೆಂದು ನನಗೆ ತಿಳಿದುಬಿಡುತ್ತದೆ. ಅವರಿಗೆ ಅದು ಇಂದಿಗೂ ಆಶ್ಚರ್ಯ.

ಇದನ್ನು ಮೊದಲು ಹೇಳಲು ಕಾರಣವಿದೆ. ಇವರ, ಅಂದರೆ ನನ್ನ ಗಂಡನ, ಬಲಗಿವಿ ಹೋಗಿದೆ ಎನ್ನುವುದು ಮನೆಯಲ್ಲಿ ಯಾರಿಗೂ ಗೊತ್ತಾಗದೆ ಉಳಿದದ್ದು ಈ ರೂಢಿಯಿಂದಲೇ. ಇವರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಒಂದು ಹೆವಿ ಮೆಟಲ್ ಆಲ್ಬಮ್‌ನಿಂದ.

ಅದು ನಾವು ಹುಟ್ಟುವ ಹೊತ್ತಿಗೇ ಹಳೆಯದಾಗಿದ್ದ ಆಲ್ಬಮ್ ಎಂದು ಇವರು ಹೇಳುತ್ತಾರೆ. ಒಟ್ಟು ಎಂಟು ಹಾಡು. ಬಾಗಲಕೋಟೆಯಲ್ಲಿ ಓದುವಾಗ ಹಾಸ್ಟೆಲಿನ ಗೆಳೆಯರೊಬ್ಬರು ಕ್ಯಾಸೆಟ್ಟಿಗೆ ತುಂಬಿಸಿ ಕೊಟ್ಟದ್ದು. ಆ ಕ್ಯಾಸೆಟ್ಟಿನಲ್ಲಿ ಮೊದಲ ಹಾಡು ನಡುವಿನಿಂದ ಶುರುವಾಗುತ್ತಿತ್ತು. ಕೊನೆಯ ಹಾಡು ಮುಗಿಯುವ ಮುನ್ನವೇ ಟೇಪು ತೀರಿ ಗುಂಡಿ ಟಕ್ಕೆಂದು ಮೇಲೇಳುತ್ತಿತ್ತು. ಓದು ಮುಗಿಸಿ ಊರಿಗೆ ಬಂದು ಮಗ್ಗ ಹಿಡಿದಾಗ ಇವರು ಅದನ್ನು ಶೆಡ್ಡಿಗೆ ತಂದರು. ಗೂಡಿನಲ್ಲೊಂದು ಟೇಪ್ ರೆಕಾರ್ಡರು, ಅದಕ್ಕೆ ಒಂದೇ ಸ್ಪೀಕರು. ಅತ್ತೆಯವರು ಆ ಹಾಡುಗಳಿಗೆ ಇಟ್ಟ ಹೆಸರು ತಗಡಿನ ಮಳಿ.

"ಏ ತಮ್ಮಾ, ಆ ತಗಡಿನ ಮಳಿ ನಿಂದರಸೋ, ತಲಿ ಒಡದು ಹೋಳಾಗೇತಿ."

"ಯವ್ವಾ, ನಾಕ್ ಮಗ್ಗ ಬಡ್ಯಾಕತ್ತಾವ, ಅದಕ್ಕ ನಿನ್ ತಲಿ ಒಡ್ಯಾಂಗಿಲ್ಲ. ಇದಕ್ಕ ಒಡೀತೈತೇನು?"

"ಮಗ್ಗ ಹೊಟ್ಟಿಗೆ ಹಾಕ್ತಾವೋ. ಇದೇನ್ ಹಾಕ್ತೈತಿ?"

ನಾನೂ ಒಮ್ಮೆ ಕೇಳಿದ್ದೆ, ಮಗ್ಗದ ಮುಂದೆ ಇಂಥದೇ ಯಾಕೆ ಬೇಕು, ಮೆತ್ತಗಿನ ಹಾಡು ಹಾಕಬಾರದೇ ಎಂದು. "ಮೆತ್ತಗಿನ ಹಾಡು ಮಗ್ಗ ತಿಂದಬಿಡ್ತಾವ" ಎಂದರು. "ಇದೊಂದ ಅವುಕ ಜಗ್ಗಲಾರದ್ದು."

ಕ್ಯಾಸೆಟ್ಟು ಸವೆಯಿತು, ಟೇಪ್ ರೆಕಾರ್ಡರು ಕೆಟ್ಟಿತು. ಎಷ್ಟೋ ವರ್ಷದ ಮೇಲೆ ಅದೇ ಆಲ್ಬಮ್ ಮೊಬೈಲಿನಲ್ಲಿ ಸಿಕ್ಕಿತು. ಆ ಸಂಜೆ ಮಗ್ಗ ನಿಲ್ಲಿಸಿದ ಮೇಲೆ ಇವರು ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹೊಸ್ತಿಲ ಮೇಲೆ ಕೂತಿದ್ದರು. ಇದ್ದಕ್ಕಿದ್ದಂತೆ ತೊಡೆ ತಟ್ಟಿಕೊಂಡರು.

"ಇಬ್ಬರದಾರ!"

"ಯಾರು?" ಎಂದೆ.

"ಗಿಟಾರ್ ನುಡಸಾವ್ರು. ನಾ ಇಷ್ಟ ವರ್ಷ ಒಬ್ಬನಾ ಅಂತ ತಿಳದಿದ್ನಿ. ಎಡಕ್ಕೊಬ್ಬ, ಬಲಕ್ಕೊಬ್ಬ. ಇಲ್ಲ್ ಕೇಳು."

ಒಂದೇ ಸ್ಪೀಕರಿನಲ್ಲಿ ಇಬ್ಬರೂ ಕಲಸಿ ಒಬ್ಬರಾಗಿದ್ದರಂತೆ. ನನಗೆ ರೊಟ್ಟಿ ಬಡಿಯುವ ಹೊತ್ತು. ಒಂದು ಕ್ಷಣ ಕಿವಿಗಿಟ್ಟುಕೊಂಡು ಹೌದ್ರಿ ಎಂದು ವಾಪಸು ಕೊಟ್ಟೆ. ಅಂದಿನಿಂದ ಇವರಿಗೆ ಸಂಜೆಯೆಂದರೆ ಅದೇ. ಬಲಗಡೆಯವನು ಹೆಚ್ಚು ಚಾಲಾಕಿ, ಎಡಗಡೆಯವನು ಗಟ್ಟಿ ಎಂದು, ಪಕ್ಕದ ಓಣಿಯ ಇಬ್ಬರು ನೇಕಾರರ ಬಗ್ಗೆ ಹೇಳುವ ಹಾಗೆ ಹೇಳುತ್ತಿದ್ದರು.

ಲಾಳಿ ಹಾರಿದ್ದು ಅದಾದ ಕೆಲವು ವರ್ಷಕ್ಕೆ.

ನೀವು ಕಣ್ಣಾರೆ ಕಂಡಿರೇನ್ರಿ ಎಂದು ಜನ ಈಗಲೂ ನನ್ನನ್ನು ಕೇಳುತ್ತಾರೆ. ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ಭಾನುವಾರ, ಊಟದ ಹೊತ್ತು ದಾಟಿತ್ತು. ಚಹಾ ತೆಗೆದುಕೊಂಡು ಶೆಡ್ಡಿನ ಬಾಗಿಲಿಗೆ ಬಂದಿದ್ದೆ. ಎಡಕ್ಕೆ ಎರಡು ಮಗ್ಗ, ಬಲಕ್ಕೆ ಎರಡು, ನಡುವಿನ ದಾರಿಯಲ್ಲಿ ಇವರು ನನ್ನ ಕಡೆ ಬೆನ್ನು ಮಾಡಿ ನಿಂತಿದ್ದರು. ಲಾಳಿ ಒಂದು ಗೇಣಿಗಿಂತ ಉದ್ದದ ಮರದ ತುಂಡು, ಎರಡೂ ತುದಿಗೆ ಕಬ್ಬಿಣದ ಮೂತಿ. ಅದು ಹಾಸಿನ ಎಳೆಗಳ ನಡುವೆ ಮಗ್ಗದ ಈ ತುದಿಯ ಪೆಟ್ಟಿಗೆಯಿಂದ ಆ ತುದಿಯ ಪೆಟ್ಟಿಗೆಗೆ ಓಡುತ್ತ ಸದ್ದು ಮಾಡುತ್ತದೆ. ಏಟು ತಡವಾದರೆ ಲಾಳಿ ಪೆಟ್ಟಿಗೆ ತಪ್ಪಿ ಹೊರಗೆ ಹಾರಬಹುದು. ಆ ಸದ್ದಿನಲ್ಲಿ ಒಂದು ಏಟು ತಡವಾಯಿತು. ಹಾಗೆಂದು ಆಗ ನನಗೆ ತಿಳಿಯಲಿಲ್ಲ, ಇವರಿಗೆ ತಿಳಿಯಿತು. ಇವರು ತಲೆಯನ್ನು ಬಲಕ್ಕೆ ತಿರುಗಿಸತೊಡಗಿದ್ದನ್ನು ಕಂಡೆ. ಲಾಳಿ ಹಾರಿದ್ದನ್ನು ಕಾಣಲಿಲ್ಲ. ಆಮೇಲೆ ಕಂಡದ್ದು ಇವರು ನೆಲದ ಮೇಲೆ ಕೂತದ್ದು, ಮತ್ತು ಲಾಳಿ ಇವರ ಕಾಲ ಹತ್ತಿರ ಬುಗುರಿಯಂತೆ ತಿರುಗುತ್ತಿದ್ದದ್ದು. ಅದರ ಬಾಯಿಂದ ಕೆಂಪು ನೂಲು ಬಿಚ್ಚುತ್ತಲೇ ಇತ್ತು. ಉಳಿದ ಮೂರು ಮಗ್ಗ ಏನೂ ಆಗದವರಂತೆ ನಡೆದೇ ಇದ್ದವು. ಬಿಸಿ ಚಹಾ ನನ್ನ ಕೈಮೇಲೆ ಚೆಲ್ಲಿದೆ ಎಂದು ತಿಳಿದದ್ದು ದವಾಖಾನೆಯಲ್ಲಿ.

ಬಲಗಿವಿಯ ಮುಂದೆ, ಕೆನ್ನೆಯ ಎಲುಬು ಶುರುವಾಗುವಲ್ಲಿ ಪೆಟ್ಟು ಬಿದ್ದಿತ್ತು. ಹೊಲಿಗೆ ಹಾಕಿದರು. ಕಣ್ಣಿಗೆ ಬಡಿದಿದ್ದರೆ ಎಂದು ಬಂದವರೆಲ್ಲ ಹೇಳಿದರು. ನಾವೂ ಅದನ್ನೇ ಹೇಳಿಕೊಂಡು ಸಮಾಧಾನಪಟ್ಟೆವು. ತಲೆಯಲ್ಲಿ ಗುಂಯ್ ಎನ್ನುತ್ತದೆ ಎಂದು ಇವರು ಹೇಳಿದಾಗ ಅತ್ತೆಯವರು ನಕ್ಕರು. "ಮಗ್ಗದ ಮನ್ಯಾಗ ಯಾರ್ ತಲ್ಯಾಗ ಗುಂಯ್ ಅನ್ನಾಂಗಿಲ್ಲ ಹೇಳು?" ಗಾಯ ಮಾಯಿತು. ಇವರು ಮತ್ತೆ ಮಗ್ಗಕ್ಕೆ ಹೋದರು. ನಾನು ಇವರ ತುಟಿ ನೋಡಿದೆ, ಇವರು ನನ್ನ ತುಟಿ ನೋಡಿದರು. ಮನೆ ಮೊದಲಿನಂತೆಯೇ ನಡೆಯಿತು.

ಕೆಟ್ಟದ್ದು ಇಯರ್‌ಫೋನ್ ಮಾತ್ರ. ಬಲಗಡೆಯದು ಹೋಯಿತೆಂದು ಇವರು ಹೊಸತು ತಂದರು. ಅದೂ ಕೆಟ್ಟದ್ದು ಎಂದು ಅಂಗಡಿಗೆ ಹೋಗಿ ಜಗಳಾಡಿ ಇನ್ನೊಂದು ತಂದರು. ಒಂದು ಸಂಜೆ ಅದನ್ನೂ ಕಿತ್ತು ನನ್ನ ಮುಂದೆ ಇಟ್ಟರು.

"ಮೊಬೈಲ ಕೆಟ್ಟೈತಿ. ಬಲಕಿನಾವ ಬರವಲ್ಲ."

ನಾನು ಎರಡನ್ನೂ ಕಿವಿಗೆ ಇಟ್ಟುಕೊಂಡೆ. ಹಾಡು ನಡೆಯುತ್ತಿತ್ತು. ಎಡಗಡೆ ಗರಗಸದಂಥ ಒಂದು ದನಿ. ಬಲಗಡೆ ಅದಕ್ಕಿಂತ ತುಸು ಮೇಲೆ, ಇನ್ನೊಂದು. ಸ್ಪಷ್ಟವಾಗಿತ್ತು.

"ಇಬ್ಬರೂ ಅದಾರಲ್ರೀ" ಎಂದೆ.

ಹೇಳಿದ ಮೇಲೆ ಅದರ ಅರ್ಥ ನನಗೆ ತಿಳಿಯಿತು. ಇವರಿಗೂ ತಿಳಿಯಿತು. ಇವರು ಎಡಗಿವಿಯನ್ನು ಅಂಗೈಯಿಂದ ಒತ್ತಿ ಮುಚ್ಚಿ, ಬಲಗಿವಿಯ ಹತ್ತಿರ ಬೆರಳು ತಂದು ಚಿಟಿಕೆ ಹೊಡೆದರು. ಮತ್ತೊಮ್ಮೆ ಹೊಡೆದರು. ಆಮೇಲೆ ನನ್ನ ಮುಖ ನೋಡಿದರು, ತಾವು ಚಿಟಿಕೆ ಹೊಡೆದರೋ ಇಲ್ಲವೋ ಎಂದು ನಾನೇ ಹೇಳಬೇಕು ಎನ್ನುವಂತೆ.

ಬಾಗಲಕೋಟೆಯ ದೊಡ್ಡ ದವಾಖಾನೆಗೆ ಹೋದೆವು. ಕಿವಿಯ ಪರೀಕ್ಷೆಗೆ ಒಂದು ಗಾಜಿನ ಕೋಣೆ. ಒಳಗೆ ಕೂತು, ಕಿವಿಯಲ್ಲಿ ಸದ್ದು ಬಂದಾಗ ಬೆರಳು ಎತ್ತಬೇಕು, ನಿಂತಾಗ ಇಳಿಸಬೇಕು. ನಾನು ಹೊರಗೆ ನಿಂತು ನೋಡುತ್ತಿದ್ದೆ. ಇವರು ಮೊದಲಿಗೇ ಬೆರಳು ಎತ್ತಿದವರು ಇಳಿಸಲೇ ಇಲ್ಲ. ಪರೀಕ್ಷೆ ಮಾಡುವ ಹುಡುಗಿಗೆ ಸಿಟ್ಟು ಬಂತು.

"ಅಜ್ಜಾರ, ಸೌಂಡ್ ಬಂದಾಗಷ್ಟ ಎತ್ರಿ."

"ಬಂದೈತ್ಲಾ."

"ನಾ ಇನ್ನ ಹಚ್ಚೇ ಇಲ್ರಿ!"

"ಹಚ್ಚದಿದ್ರೂ ಐತಿ ತಂಗಿ. ನಿಂದ ಯಾವುದು, ನಂದ ಯಾವುದು, ಹ್ಯಾಂಗ ಹೇಳಲಿ?"

ಅಜ್ಜಾರ ಎಂದದ್ದಕ್ಕೆ ಇವರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮಗ್ಗದ ಸದ್ದು ಇವರ ತಲೆಯಲ್ಲಿ ಯಾವಾಗಲೂ ನಡೆದೇ ಇರುತ್ತದೆ ಎಂದು ನನಗೆ ತಿಳಿದದ್ದು ಆ ಗಾಜಿನ ಈಚೆ ನಿಂತಾಗ. ಇಷ್ಟು ವರ್ಷ ಪಕ್ಕದಲ್ಲಿ ಇದ್ದವಳು ನಾನು. ಇವರು ಅದನ್ನೇ ನಿಶ್ಶಬ್ದ ಎಂದುಕೊಂಡಿದ್ದರು.

ಡಾಕ್ಟರು ನಿಧಾನವಾಗಿ ಹೇಳಿದರು. ಬಲಗಿವಿ ಬರುವುದಿಲ್ಲ. ಎಡಗಿವಿಯೂ ಮಗ್ಗದಿಂದ ಸವೆದಿದೆ. ಮುಚ್ಚಿಕೊಳ್ಳದೆ ಮಗ್ಗದ ಮುಂದೆ ಹೋದರೆ ಅದೂ ಹೋಗುತ್ತದೆ. ಇವರು ಅಷ್ಟೇ ನಿಧಾನವಾಗಿ ಕೇಳಿದರು: "ಮುಚ್ಚಿಕೊಂಡ್ರ ಲಾಳಿ ತಡ ಆಗೂದು ಹ್ಯಾಂಗ ಗೊತ್ತಾಗಬೇಕ್ರಿ?" ಡಾಕ್ಟರು ಪೆನ್ನು ಕೆಳಗಿಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ಎಂದಿನಂತೆ ಇವರ ಬಲಕ್ಕೆ ಕೂತೆ. ಏನೋ ಹೇಳಿದೆ, ಇವರು ಕಿಟಕಿಯ ಕಡೆ ನೋಡುತ್ತಲೇ ಇದ್ದರು. ಎದ್ದು, ಇವರನ್ನು ಸರಿಸಿ, ಎಡಕ್ಕೆ ಕೂತೆ. ಅಮೀನಗಡದಲ್ಲಿ ಕರದಂಟು ಮಾರುವವರು ಹತ್ತಿದಾಗ ಇವರು ಮೊದಲ ಸಲ ಬಾಯಿ ಬಿಟ್ಟರು. "ಒಂದ ಕಿವಿ ಮುಚ್ಚಿದ್ರ ಕೆಲಸ ಹೋಗ್ತೈತಿ, ಬಿಟ್ರ ಕಿವಿ ಹೋಗ್ತೈತಿ. ಛಂದ ಆತಿದು."

ಮಗ್ಗ ನಿಂತವು. ಶೆಡ್ಡು ಸುಮ್ಮನಾದಾಗ ಮನೆಯೊಳಗೆ ಏನೇನೋ ಕೇಳಿಸತೊಡಗಿತು: ನೀರಿನ ತೊಟ್ಟಿಗೆ ಹನಿ ಬೀಳುವುದು, ಅತ್ತೆಯವರ ಮೊಣಕಾಲಿನ ಲಟಿಕೆ, ಪಕ್ಕದ ಮನೆಯ ಟೀವಿ. ಯಾರಿಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಇವರು ಶೆಡ್ಡಿಗೆ ಹೋಗುವುದು, ನಿಂತ ಮಗ್ಗದ ಹಿಡಿಕೆ ಮುಟ್ಟುವುದು, ಬರುವುದು. ಮತ್ತೆ ಹೋಗುವುದು. ಅತ್ತೆಯವರು ಒಳಕೋಣೆಯ ಕುಣಿಮಗ್ಗದಲ್ಲಿ, ಕಾಲು ಗುಂಡಿಗೆ ಇಳಿಬಿಟ್ಟು ಕೂತು ಕೊಂಡಿ ಹಾಕುತ್ತಿದ್ದರು. ಸೆರಗಿನ ಕೆಂಪು ಎಳೆಗಳನ್ನು ಸೀರೆಯ ಒಡಲಿನ ಎಳೆಗಳಿಗೆ ಒಂದೊಂದಾಗಿ ಕುಣಿಕೆಗೆ ಕುಣಿಕೆ ಸಿಕ್ಕಿಸುವ ಕೆಲಸ ಅದು. ಗಡಿಬಿಡಿಯಿಂದ ಮಾಡಲು ಬಾರದು. ಅವರೂ ನಡುನಡುವೆ ಎಳೆ ಕೈಬಿಟ್ಟು ಶೆಡ್ಡಿನ ಕಡೆ ಕತ್ತು ತಿರುಗಿಸುತ್ತಿದ್ದರು.

"ಆ ತಗಡಿನ ಮಳಿನಾದ್ರೂ ಹಚ್ಚೋ" ಎಂದರು ಒಂದು ದಿನ.

ಇವರು ಹಚ್ಚಲಿಲ್ಲ. ಇಯರ್‌ಫೋನಿನ ಬಲಗಡೆಯದನ್ನು ಎಡಗಿವಿಗೆ ಇಟ್ಟುಕೊಂಡು ನೋಡಿದರು. "ಅವ ಬಂದ. ಇವ ಹೋದ" ಎಂದು ನಕ್ಕರು. ಎರಡೂ ಬದಿಯನ್ನು ಸೇರಿಸಿ ಒಂದೇ ಕಿವಿಗೆ ಕೊಡುವ ಸೌಲಭ್ಯ ಮೊಬೈಲಿನಲ್ಲೇ ಇದೆ ಎಂದು ಶಾಲೆಯಲ್ಲಿ ಯಾರೋ ಹೇಳಿದ್ದರು, ಅದನ್ನು ಮಾಡಿಕೊಟ್ಟೆ. ಒಂದು ಹಾಡು ಪೂರ್ತಿ ಕೇಳಿದರು.

"ಮತ್ತ ಹಾಸ್ಟೆಲಿನ ಟೇಪ ಆತು ನೋಡು. ಇಬ್ಬರೂ ಅದಾರ ಅಂತ ಗೊತ್ತಾದಮ್ಯಾಲ ಇದನ್ನ ಹ್ಯಾಂಗ ಕೇಳಲಿ? ತಗಿ."

ಆಮೇಲೆ ಎಡಗಡೆಯದನ್ನು ತಾವಿಟ್ಟುಕೊಂಡು ಬಲಗಡೆಯದನ್ನು ನನಗೆ ಕೊಟ್ಟರು. ಇವರ ಎಡಕ್ಕೆ ಕೂತರೆ ನನ್ನ ಬಲಗಿವಿ ಇವರ ಎಡಗಿವಿಯ ಪಕ್ಕಕ್ಕೇ ಬರುತ್ತದೆ, ವಾಯರು ಸಾಕಾಗುತ್ತದೆ.

"ಅವ ಏನ್ ಮಾಡ್ತಾನ, ನೀ ಹೇಳು."

ಹೀಗೆ ನಾನು ಆ ಆಲ್ಬಮ್ ಕೇಳಲು ಕೂತೆ. ಮೊದಮೊದಲು ಅದು ಬರೀ ಅಬ್ಬರ. ಹಾಡುವವನು ಯಾರ ಮೇಲೋ ಸಿಟ್ಟಾಗಿದ್ದಾನೆ ಎಂದೇ ನನ್ನ ತಿಳುವಳಿಕೆ. ಆದರೆ ಹೇಳಬೇಕಾಗಿತ್ತಲ್ಲ, ಹೇಳಬೇಕೆಂದರೆ ಕೇಳಬೇಕು. "ಬಂದ... ಮ್ಯಾಲ ಹೊಂಟ... ನಿಂತ... ಈಗ ಕೆಳಗಿಂದ ಬರಾಕತ್ತಾನ." ತಪ್ಪು ಹೇಳಿದರೆ ಇವರು ಹಿಡಿಯುತ್ತಿದ್ದರು, ನೆನಪಿನಿಂದ. "ಏ, ಅದು ಅವನಲ್ಲ, ಅದು ತಳದಾಗಿನ ದಪ್ಪ ತಂತಿ. ಅವ ಇನ್ನ ಬಂದಿಲ್ಲ, ತಡಿ." ಸಿಟ್ಟು ಎಂದು ನಾನು ತಿಳಿದದ್ದು ಸಿಟ್ಟಲ್ಲ ಎಂದು ಮೆಲ್ಲಗೆ ಕಂಡುಬಂತು. ಸಿಟ್ಟಿನಲ್ಲಿ ಇಷ್ಟು ಅಚ್ಚುಕಟ್ಟಾಗಿ ಇರಲಾಗುವುದಿಲ್ಲ. ಅಷ್ಟು ವೇಗದಲ್ಲಿ ಇಬ್ಬರೂ ಒಂದೇ ಕಡೆ ತಿರುಗುತ್ತಾರೆ, ಒಂದೇ ಕಡೆ ನಿಲ್ಲುತ್ತಾರೆ. ಡ್ರಮ್ಮು ಅವರನ್ನು ಅಟ್ಟಿಸಿಕೊಂಡು ಬರುತ್ತಿದೆ ಎನ್ನಿಸುತ್ತದೆ. ಗಮನವಿಟ್ಟರೆ ಅದೇ ಅವರಿಗೆ ನೆಲ ಹಾಸಿಕೊಡುತ್ತಿರುತ್ತದೆ. ಮೂರನೆಯ ಹಾಡಿನ ನಡುವೆ ಎಲ್ಲರೂ ಸುಮ್ಮನಾಗಿ ಎಡಗಡೆಯವನೊಬ್ಬನೇ ಉಳಿಯುತ್ತಾನೆ. ಆಗ ನನ್ನ ಕಿವಿಯಲ್ಲಿ ಏನೂ ಇರುವುದಿಲ್ಲ. ಆ ಹೊತ್ತು ಇವರು ನನಗೆ ಹೇಳುತ್ತಾರೆ.

ನಾಲ್ಕನೆಯ ಹಾಡು ಮಾತ್ರ ನನ್ನನ್ನು ಕೂರಲು ಬಿಡುತ್ತಿರಲಿಲ್ಲ. ಅದರಲ್ಲಿ ಇಬ್ಬರೂ ಒಂದೇ ವರಸೆಯನ್ನು ಜೊತೆಯಾಗಿ ನುಡಿಸುತ್ತ ಹೋಗುತ್ತಾರೆ. ಒಂದು ಕಡೆ ಬಲಗಡೆಯವನು ಡ್ರಮ್ಮಿಗಿಂತ ತುಸು ಹಿಂದೆ ಬೀಳುತ್ತಾನೆ. ಒಂದು ಏಟು, ಇನ್ನೊಂದು ಏಟು. ಪ್ರತಿ ಸಲವೂ ಅಲ್ಲಿಗೆ ಬಂದಾಗ ನನ್ನ ಕೈ ತಣ್ಣಗಾಗುತ್ತಿತ್ತು. ನೆಲದ ಮೇಲೆ ತಿರುಗುವ ಲಾಳಿ ಕಾಣುತ್ತಿತ್ತು. ಒಮ್ಮೆ ಕಿವಿಯಿಂದ ಕಿತ್ತೇ ಬಿಟ್ಟೆ.

"ತಪ್ಪಿದ್ರೀ ಅವ."

"ತಪ್ಪಿಲ್ಲ. ಬೇಕಂತ ಹಿಂದ ಉಳೀತಾನ. ಮುಂದ ಕೇಳು, ಬಂದು ಕೂಡ್ತಾನ."

ಕೂಡುತ್ತಿದ್ದ, ಹೌದು. ಆದರೂ ಮುಂದಿನ ಸಲ ಅಲ್ಲಿಗೆ ಬಂದಾಗ ಮತ್ತೆ ಅದೇ ಹೆದರಿಕೆ. ಬೇಕೆಂದು ಹಿಂದೆ ಉಳಿಯುವುದಕ್ಕೂ ಉಳಿದುಬಿಡುವುದಕ್ಕೂ ಏನು ವ್ಯತ್ಯಾಸ ಎಂದು ನಾನು ಶಾಲೆಯ ಬಸ್ಸಿನಲ್ಲಿ, ಸ್ಟಾಫ್ ರೂಮಿನ ಫ್ಯಾನಿನ ಕೆಳಗೆ ಯೋಚಿಸುತ್ತಿದ್ದೆ. ಫ್ಯಾನಿನ ಸದ್ದಿನಲ್ಲೂ ಒಂದು ಏಟಿಗಾಗಿ ಕಾಯುವಂತಾಗಿತ್ತು.

ಬೇಸಿಗೆ ರಜೆಗೆ ಇವರು ಒಂದು ಬೆಳಿಗ್ಗೆ ನಾಲ್ಕೂ ಮಗ್ಗ ಶುರು ಮಾಡಿದರು. ನನ್ನನ್ನು ಕರೆದು, ತುಟಿಯಲ್ಲಿ ಹೇಳಿದರು: "ನಾ ಕಣ್ಣ ಮುಚ್ತೇನಿ. ನೀ ಯಾವುದರ ಒಂದ ನಿಂದರಸು. ಯಾವುದಂತ ಹೇಳ್ತೇನಿ." ಮೊದಲಾದರೆ ಇದು ಇವರಿಗೆ ಪರೀಕ್ಷೆಯೇ ಅಲ್ಲ, ಊಟಕ್ಕೆ ಕೂತಲ್ಲಿಂದಲೇ ಹೇಳುತ್ತಿದ್ದರು. ನಡುದಾರಿಯಲ್ಲಿ ಕಣ್ಣು ಮುಚ್ಚಿ ನಿಂತರು. ಅತ್ತೆಯವರು ಬಾಗಿಲಿಗೆ ಬಂದು ನಿಂತರು. ನಾನು ಬಲಗಡೆಯ ಹಿಂದಿನ ಮಗ್ಗದ ಹಿಡಿಕೆ ಎಳೆದೆ.

ಒಂದು ನಿಂತಿತೆಂದು ಇವರಿಗೆ ತಿಳಿಯಿತು, ಹುಬ್ಬು ಅಲುಗಿತು. ಕೈ ಎತ್ತಿದರು. ಎಡಗಡೆಯ ಮುಂದಿನ ಮಗ್ಗದ ಕಡೆ ತೋರಿಸಿದರು. ಕಣ್ಣು ಬಿಟ್ಟು ನೋಡಿದರು. ಇನ್ನೊಮ್ಮೆ ಎಂದರು. ಇನ್ನೊಮ್ಮೆಯೂ ತಪ್ಪಿತು. ಒಂದೇ ಕಿವಿಗೆ ಸದ್ದು ಎಲ್ಲಿಂದ ಬಂತು ಎನ್ನುವುದು ತಿಳಿಯುವುದಿಲ್ಲವಂತೆ. ಎಲ್ಲವೂ ಎಡದಿಂದಲೇ ಬಂದಂತೆ ಇರುತ್ತದೆ. ಇವರು ಒಂದೊಂದಾಗಿ ನಾಲ್ಕನ್ನೂ ನಿಲ್ಲಿಸಿದರು. ಅತ್ತೆಯವರು ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದರು.

"ನಾಕು ಆಗೂದಿಲ್ಲ" ಎಂದರು ಇವರು, ಆ ನಿಶ್ಶಬ್ದದಲ್ಲಿ, ಬೇಡದಷ್ಟು ಜೋರಾಗಿ. "ಒಂದರ ಮುಂದ ನಿಂತ್ರ ಕಣ್ಣಿಗೆ ಕಾಣತೈತಿ. ಎರಡಕ್ಕ ಒಂದ ಕಿವಿ ಬೇಕು."

ಆ ಕಿವಿ ನನ್ನದೇ ಆಗಬೇಕಿತ್ತು.

ಈಗ ಹೀಗೆ ನಡೆದಿದೆ. ವಾರದ ದಿನಗಳಲ್ಲಿ ಇವರು ಎಡಗಿವಿಗೆ ದಪ್ಪ ಮುಚ್ಚಳ ಹಾಕಿಕೊಂಡು ಒಂದೇ ಮಗ್ಗ ನಡೆಸುತ್ತಾರೆ, ಅದರಿಂದ ಕಣ್ಣು ತೆಗೆಯದೆ. ರಜೆಯ ದಿನ ಎರಡು. ಎರಡನೆಯದರ ಪಕ್ಕದಲ್ಲಿ ನಾನು ಸ್ಟೂಲು ಹಾಕಿಕೊಂಡು ಕೂರುತ್ತೇನೆ. ನನಗೆ ನೇಯಲು ಬರುವುದಿಲ್ಲ. ಲಾಳಿಯ ಏಟು ಕೇಳುತ್ತ, ಒಂದು ಕೈ ಹಿಡಿಕೆಯ ಮೇಲಿಟ್ಟುಕೊಂಡಿರುತ್ತೇನೆ. ಸಂಜೆಗೆ ನನ್ನ ತಲೆಯಲ್ಲೂ ಗುಂಯ್ ಎನ್ನುತ್ತದೆ. ಅದು ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ಗಮನಿಸುತ್ತೇನೆ. ಈವರೆಗೆ ನಿಂತಿದೆ. ಇವರಿಗೆ ಇದನ್ನು ಹೇಳಿದ್ದೇನೆ. "ಹಂಗಾರ ಬ್ಯಾಡ, ನೀ ಏಳು" ಎಂದರು. ಎದ್ದಿಲ್ಲ. ನಾನೂ ಒಂದು ಮುಚ್ಚಳ ತಂದುಕೊಳ್ಳುತ್ತೇನೆ ಎಂದೆ, ಇಬ್ಬರೂ ನಕ್ಕೆವು. ಇಬ್ಬರೂ ಮುಚ್ಚಿಕೊಂಡರೆ ಕೇಳುವವರು ಯಾರು?

ಹೋದ ಭಾನುವಾರ ಏಟು ತಡವಾಯಿತು.

ಎಲ್ಲ ಸರಿಯಾಗಿ ನಡೆದಿತ್ತು. ಅತ್ತ ಇವರ ಮಗ್ಗ, ಇತ್ತ ನನ್ನದು, ಎರಡೂ ತಮ್ಮ ತಮ್ಮ ವೇಗದಲ್ಲಿ. ಅದರ ನಡುವೆ ನನ್ನ ಕಡೆಯ ಏಟು ಒಂದು ಕೂದಲೆಳೆಯಷ್ಟು ಹಿಂದೆ ಬಿತ್ತು. ನನಗೆ ನೆನಪಾದದ್ದು ನಾಲ್ಕನೆಯ ಹಾಡು. ಬೇಕೆಂದೇ ಉಳಿದಿದೆಯೋ ಏನೋ ಎಂದು ಕಾಯಲು ಮನಸ್ಸಾಯಿತು. ಆದರೆ ಮಗ್ಗ ಬೇಕೆಂದು ಹಿಂದೆ ಉಳಿಯುವುದಿಲ್ಲ. ಹಿಡಿಕೆ ಎಳೆದೆ. ಮಗ್ಗ ಒಂದು ಸಲ ಜಗ್ಗಿ ನಿಂತಿತು. ಲಾಳಿ ಪೆಟ್ಟಿಗೆಯ ಬಾಯಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ನಿಂತಿತ್ತು.

ಇವರು ತಮ್ಮ ಮಗ್ಗ ನಿಲ್ಲಿಸಿ ಬಂದರು. ಲಾಳಿಯನ್ನು ದೂಡುವ ಚರ್ಮದ ಪಟ್ಟಿಯನ್ನು ಬೆರಳಿನಿಂದ ಸವರಿ ನೋಡಿದರು. ಒಳಮೈಯಲ್ಲಿ ಅದು ಸೀಳಿತ್ತು. ಮೇಲೆ ಏನೂ ಕಾಣುತ್ತಿರಲಿಲ್ಲ.

"ಯಾವಾಗಿಂದ?"

"ಈಗ. ಒಂದ ಏಟು."

"ಒಂದಾ?"

"ಒಂದ."

ಇವರು ಪಟ್ಟಿ ಬಿಚ್ಚಿ ಹೊಸದನ್ನು ಕಟ್ಟಿದರು, ಎರಡೆರಡು ಸಲ ಜಗ್ಗಿ ನೋಡಿದರು. ಹೋಗಿ ತಮ್ಮ ಮಗ್ಗವನ್ನು ಶುರು ಮಾಡಿದರು. ಮತ್ತೆ ಬಂದು ಈ ಮಗ್ಗದ ಹಿಡಿಕೆಯ ಮೇಲೆ ಕೈಯಿಟ್ಟು ನಿಂತರು. ಹಿಡಿಕೆ ಹಾಕಿ ಮಗ್ಗ ಶುರು ಮಾಡಲಿಲ್ಲ. ಇಷ್ಟು ವರ್ಷ ಮಗ್ಗ ಶುರು ಮಾಡುವಾಗ ಇವರು ಮಗ್ಗವನ್ನು ನೋಡುತ್ತಿದ್ದರು. ಈಗ ನನ್ನನ್ನು ನೋಡುತ್ತಿದ್ದರು.

ನನ್ನ ಕೈ ಇನ್ನೂ ತಣ್ಣಗೇ ಇತ್ತು. ಅದು ಬೆಚ್ಚಗಾಗುವವರೆಗೆ ಕಾಯೋಣ ಎಂದುಕೊಂಡೆ. ಆಗಲಿಲ್ಲ. ಸ್ಟೂಲನ್ನು ತುಸು ಹಿಂದಕ್ಕೆ, ಲಾಳಿಯ ದಾರಿ ಬಿಟ್ಟು ಸರಿಸಿ ಕೂತೆ. ಇವರನ್ನೂ ಅತ್ತ ಸರಿಯಲು ಕೈಮಾಡಿದೆ. ಹಿಡಿಕೆ ಬಿಡದೆ ಸರಿದರು. ಆಮೇಲೆ ತುಟಿಯಲ್ಲಷ್ಟೇ ಹೇಳಿದೆ: "ಹಾಕ್ರಿ."